ಹಿಟ್ಟಿನ ಕೋಳಿ ಮತ್ತು ಆಡುವ ಕೈ: 'ದಿ ಲಾಸ್ಟ್ ಡೋರ್' ಆಟದಲ್ಲಿ ಭಯಾನಕದ ಸ್ವರೂಪ

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಭಯಾನಕವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ವ್ಯಾಜದಿಂದ ಹುಟ್ಟಿದ್ದು, ಅಪರಾಧದಿಂದ ಹುಟ್ಟಿದ್ದು, ಬೆದರಿಕೆಯಿಂದ ಹುಟ್ಟಿದ್ದು. ಗಣಕಯಂತ್ರದ ಭಯಾನಕ ಆಟಗಳಲ್ಲಿ ಬಹುಪಾಲು ಮೂರನೆಯದನ್ನೇ ನೆಚ್ಚಿಕೊಂಡಿವೆ. ಕತ್ತಲಿನಿಂದ ಏನೋ ಎರಗುತ್ತದೆ, ಆಡುವವನು ಬೆಚ್ಚುತ್ತಾನೆ, ಅಲ್ಲಿಗೆ ರಸವ್ಯಾಪಾರ ಮುಗಿಯುತ್ತದೆ. ಸ್ಪೇನಿನ ಸೆವಿಲ್ಲಾ ನಗರದ 'ದಿ ಗೇಮ್ ಕಿಚನ್' ತಂಡವು 2013ರಿಂದ ಕಂತುಗಳಲ್ಲಿ ಹೊರತಂದ 'ದಿ ಲಾಸ್ಟ್ ಡೋರ್' ಆಟದ ಮೊದಲ ಅಧ್ಯಾಯವಾದ 'ದಿ ಲೆಟರ್' ಇದಕ್ಕೆ ಅಪವಾದ. ಅಲ್ಲಿರುವುದು ಅಪರಾಧಜನ್ಯ ಭಯ. ಜನ್ನನ 'ಯಶೋಧರ ಚರಿತೆ'ಯನ್ನು ಬಲ್ಲವರಿಗೆ ಈ ಭಯದ ಸ್ವರೂಪ ಅಪರಿಚಿತವಲ್ಲ ಎಂಬುದು ಪ್ರಸ್ತುತ ಟಿಪ್ಪಣಿಯ ವಾದ.

ಕಥೆಯ ಕಾಲ 1891. ಜೆರೆಮಾಯ ಡೆವಿಟ್ ಎಂಬಾತನಿಗೆ ಶಾಲಾದಿನಗಳ ಗೆಳೆಯ ಆಂಥೊನಿ ಬೀಚ್‌ವರ್ತ್‌ನಿಂದ ಒಂದು ಪತ್ರ ಬರುತ್ತದೆ. ಅದರಲ್ಲಿರುವುದು ಅವರ ಬಾಲ್ಯದ ಗುಪ್ತಕೂಟದ ಲ್ಯಾಟಿನ್ ಧ್ಯೇಯವಾಕ್ಯ ಮಾತ್ರ. ಅವನು ಸಸೆಕ್ಸ್ ಸೀಮೆಯಲ್ಲಿರುವ ಗೆಳೆಯನ ಮನೆಗೆ ಹೊರಡುತ್ತಾನೆ. ವಸ್ತುವನ್ನು ಗುರುತಿಸಿ ಒತ್ತುವುದು, ಸಿಕ್ಕಿದ್ದನ್ನು ಮತ್ತೊಂದರ ಮೇಲೆ ಪ್ರಯೋಗಿಸುವುದು, ಆಟದ ಕ್ರಿಯೆಯೆಲ್ಲ ಇಷ್ಟೇ. ಸುಮಾರು ಒಂದು ಗಂಟೆಯಲ್ಲಿ ಅಧ್ಯಾಯ ಮುಗಿಯುತ್ತದೆ.

ಆದರೆ ಇದಕ್ಕೆಲ್ಲ ಮೊದಲು ಒಂದು ಪ್ರಸ್ತಾವನೆಯಿದೆ. ಅಟ್ಟದ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನು ಯಾರೆಂದು ನಮಗೆ ತಿಳಿಯದು. ಆಟದ ರೂಢಿಯಂತೆ ನಾವು ವಸ್ತುಗಳನ್ನು ಒಂದೊಂದಾಗಿ ಒತ್ತುತ್ತೇವೆ. ನಡುವೆ ಎಲ್ಲಿಯೋ ಅರ್ಥ ಹೊಳೆಯುತ್ತದೆ: ಈ ಮನುಷ್ಯನ ಆತ್ಮಹತ್ಯೆಯನ್ನು ನಮ್ಮ ಕೈಯಿಂದಲೇ ನೆರವೇರಿಸಲಾಗುತ್ತಿದೆ. ಒತ್ತದೆ ಸುಮ್ಮನಿದ್ದರೆ ಆಟ ಮುಂದುವರಿಯದು. ಆದ್ದರಿಂದ ನಾವು ಒತ್ತುತ್ತೇವೆ. 'ಇದು ಚಿತ್ರವಷ್ಟೆ' ಎಂಬ ಸಮಾಧಾನವೂ ಆಗಲೇ ಒದಗಿಬರುತ್ತದೆ.

ಈ ಸಮಾಧಾನವನ್ನೇ 1209ರಲ್ಲಿ ಜನ್ನನು ಪರೀಕ್ಷೆಗೆ ಒಡ್ಡಿದ್ದನು. ಚಂಡಮಾರಿಗೆ ಜೀವಬಲಿ ಕೊಡಲು ಯಶೋಧರನು ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅದು ಹಿಟ್ಟು ಮಾತ್ರ. ಆದರೂ ಕಡಿದಾಗ ಅದು ಕೂಗುತ್ತದೆ. ಆ ಸಂಕಲ್ಪಹಿಂಸೆಯ ಫಲವನ್ನು ತಾಯಿ ಮಗ ಇಬ್ಬರೂ ಹಲವು ಜನ್ಮಗಳಲ್ಲಿ ಉಣ್ಣಬೇಕಾಗುತ್ತದೆ. ಪ್ರತಿಮೆಯ ಮೇಲೆ ನಡೆದ ಕ್ರಿಯೆಗೆ ಕರ್ತೃವಿನ ಹೊಣೆಯುಂಟೇ ಎಂಬ ಪ್ರಶ್ನೆಯನ್ನು ಇದಕ್ಕಿಂತ ತೀಕ್ಷ್ಣವಾಗಿ ಕೇಳಿದ ಕೃತಿ ನಮ್ಮಲ್ಲಿ ವಿರಳ. ಈ ವಸ್ತುವನ್ನು ಕಾರ್ನಾಡರು ನಾಟಕವಾಗಿಸಿದ್ದು ಅದರ ಸಮಕಾಲೀನತೆಗೆ ಸಾಕ್ಷಿ.

ಆಟದ ದೃಶ್ಯಶೈಲಿಯೂ ಒಂದರ್ಥದಲ್ಲಿ ಹಿಟ್ಟಿನದೇ. ದಪ್ಪ ಚೌಕಗಳಿಂದ ಕಟ್ಟಿದ ಆಕೃತಿಗಳಿಗೆ ಮುಖಚಹರೆಯಿಲ್ಲ. ಮಾತೆಲ್ಲ ಬರಹದಲ್ಲಿ. ಧ್ವನಿ ಮಾತ್ರ ಹಾಗಲ್ಲ: ಹಲಗೆಯ ಕಿರುಗುಟ್ಟುವಿಕೆ, ಗಾಳಿ, ಕಾಗೆಗಳ ಕೂಗು, ಇವು ಕಣ್ಣಿಗೆ ಕಾಣುವುದಕ್ಕಿಂತ ಬಹುಪಾಲು ನಿಜವಾಗಿವೆ. ಕಾರ್ಲೋಸ್ ವಿಯೋಲಾ ಅವರ ಸಂಗೀತವೂ ಮಿತವ್ಯಯಿ. ಜನ್ನನಲ್ಲಿ ಹಿಟ್ಟಿಗೆ ಜೀವ ಬರುವುದು ಕೂಗಿನಿಂದ. ಇಲ್ಲಿಯೂ ಚಿತ್ರವು ಚಿತ್ರವಾಗಿಯೇ ಉಳಿದು, ಕಿವಿಯ ಮೂಲಕ ಅದು ಜೀವವೆಂಬ ಅನುಮಾನ ಒಳಹೊಗುತ್ತದೆ.

ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಯಶೋಧರನಿಗೆ ತಾನು ಮಾಡುವುದೇನೆಂದು ಮೊದಲೇ ಗೊತ್ತು. ಅವನು ವಾದಿಸುತ್ತಾನೆ, ಹಿಂಜರಿಯುತ್ತಾನೆ, ಬಳಿಕ ಒಪ್ಪುತ್ತಾನೆ. ಆಡುವವನಿಗೆ ಈ ಅವಕಾಶವಿಲ್ಲ; ಅವನ ಸಂಕಲ್ಪವು ಅರೆದಾರಿಯಲ್ಲಿ ಹುಟ್ಟಿದ್ದು. ಆದುದರಿಂದ ಅದು ಪೂರ್ಣ ಅಪರಾಧವಲ್ಲ ಎನ್ನಬಹುದು. ಆದರೆ ಅರ್ಥವಾದ ಮೇಲೂ ಒತ್ತಿದ ಕೊನೆಯ ಒತ್ತು ಉಳಿದೇ ಇರುತ್ತದೆ. ಮುಂದಿನ ಒಂದು ಗಂಟೆಯ ಶೋಧವೆಲ್ಲ ಅದರ ನೆರಳಿನಲ್ಲಿ ನಡೆಯುತ್ತದೆ. ಡೆವಿಟ್ ಕೋಣೆಯಿಂದ ಕೋಣೆಗೆ ಹುಡುಕುತ್ತಿರುವುದು ಏನನ್ನೆಂದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಪತ್ತೇದಾರಿ ಕಥನದ ವಿನ್ಯಾಸ ಇಲ್ಲಿ ತಲೆಕೆಳಗಾಗಿದೆ.

ಎರಡು ಸರಣಿಗಳ ಎಂಟು ಅಧ್ಯಾಯಗಳಲ್ಲಿ ಈ ಸಾಧನೆ ಸಮಾನವಾಗಿ ಉಳಿದಿಲ್ಲ. ಸ್ಕಾಟ್ಲೆಂಡಿನ ಹಳೆಯ ಶಾಲೆಗೆ ಮರಳುವ ಎರಡನೆಯ ಅಧ್ಯಾಯದಲ್ಲಿ ಸ್ಮೃತಿಯ ಭಾರವಿದೆ. ಬರಬರುತ್ತ ಪೋ ಹಾಗೂ ಲವ್‌ಕ್ರಾಫ್ಟರ ಪ್ರಭಾವ ಮೇಲುಗೈ ಪಡೆದು, ತೆರೆಯಾಚೆಗಿನ ಲೋಕವೇ ಎಲ್ಲಕ್ಕೂ ಕಾರಣವಾಗಿ ನಿಲ್ಲುತ್ತದೆ. ಎರಡನೆಯ ಸರಣಿಯಲ್ಲಿ ಡೆವಿಟ್‌ನನ್ನು ಅರಸುವ ವೈದ್ಯ ವೇಕ್‌ಫೀಲ್ಡ್ ಆ ಲೋಕವನ್ನು ಬೆನ್ನಟ್ಟುತ್ತಾನೆ. ದೃಶ್ಯಗಳು ಹಿರಿದಾಗಿವೆ, ಒಗಟುಗಳು ಜಟಿಲವಾಗಿವೆ. ಆದರೆ ತಪ್ಪೆಲ್ಲ ಹೊರಗಿನ ಶಕ್ತಿಯದಾದ ಮೇಲೆ ಒತ್ತುವ ಕೈಗೆ ಬೀಗ ತೆರೆಯುವುದರ ಹೊರತು ಬೇರೆ ಕೆಲಸ ಉಳಿಯುವುದಿಲ್ಲ.