ಲಾರ್ಡ್ ಆರ್ಚರ್ ಮತ್ತು 26 ಅಕ್ಷರಗಳು

ಕ್ರಿಪ್ಟಿಕ್ ಪದಬಂಧದ ಸುಳಿವನ್ನು ಬಿಡಿಸಿ ತೋರಿಸುವುದಕ್ಕೆ ಈಗ ಒಂದು ಅಚ್ಚು ಸಿದ್ಧವಾಗಿದೆ. ಅರ್ಥ ಹೇಳುವ ಭಾಗಕ್ಕೆ ಅಡಿಗೆರೆ, ಕಲಸಿದ ಅಕ್ಷರಗಳ ಪಕ್ಕ ನಕ್ಷತ್ರ, ತಿರುಗಿಸಿದ ಪದಕ್ಕೆ ಬಾಣ. ಲೆಕ್ಕ ತಾಳೆಯಾದರೆ ವಿವರಣೆ ಮುಗಿಯಿತು. ಇಂಥ ವಿವರಣೆಯನ್ನು 'ಸಂಪೂರ್ಣ' ಎಂದು ಕೊಂಡಾಡುವುದು ರೂಢಿಯಾಗಿದೆ. ಆ ಹೊಗಳಿಕೆ ಅದಕ್ಕೆ ಸಲ್ಲದು. ಒಳ್ಳೆಯ ಸುಳಿವಿನ ವಿಷಯದಲ್ಲಂತೂ ಅದು ಅರ್ಧ ಕೆಲಸವೂ ಅಲ್ಲ.

ಆಟದ ಕಟ್ಟು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. 'ತಿರುವಿದ ಸರದಲ್ಲಿ ಹಣ್ಣಿನ ಸಾರ (2)' ಎಂದರೆ 'ರಸ': ಒಂದು ತುದಿಗೆ ಅರ್ಥ, ಇನ್ನೊಂದು ತುದಿಗೆ ಅಕ್ಷರದಾಟ, ಎರಡನ್ನೂ ಮುಚ್ಚಿಡುವ ಮೇಲುಮಾತು. ಅಚ್ಚಿನ ವಿವರಣೆ ಮೊದಲ ಎರಡನ್ನು ಮುಟ್ಟುತ್ತದೆ, ಮೂರನೆಯದನ್ನು ಬಿಟ್ಟುಬಿಡುತ್ತದೆ.

ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆಗೆ 1958ರಿಂದ ಪದಬಂಧ ಕಟ್ಟಿದ ಪಾದ್ರಿ ಜಾನ್ ಗ್ರಹಾಂ, 1970ರಿಂದ 'ಅರೌಕೇರಿಯಾ' ಎಂಬ ಅಂಕಿತ ಬಳಸಿದರು. ಅದು ಒಂದು ಮರದ ಹೆಸರು. ಅವರ ಅತಿ ಪ್ರಸಿದ್ಧ ಸುಳಿವು ಇದು: 'ಪೊಯೆಟಿಕಲ್ ಸೀನ್ ಹ್ಯಾಸ್ ಸರ್‌ಪ್ರೈಸಿಂಗ್ಲಿ ಚೇಸ್ಟ್ ಲಾರ್ಡ್ ಆರ್ಚರ್ ವೆಜಿಟೇಟಿಂಗ್ (3, 3, 8, 12)'. ಉತ್ತರ, 'ದಿ ಓಲ್ಡ್ ವಿಕರೇಜ್, ಗ್ರಾಂಚೆಸ್ಟರ್'. ಅಚ್ಚಿನ ವಿವರಣೆ ಇಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. 'ಪೊಯೆಟಿಕಲ್ ಸೀನ್' ಅರ್ಥ. 'ಸರ್‌ಪ್ರೈಸಿಂಗ್ಲಿ' ಎಂಬುದು ಅಕ್ಷರ ಕಲಸಲು ಸೂಚನೆ. ಕೊನೆಯ ನಾಲ್ಕು ಪದಗಳ 26 ಇಂಗ್ಲಿಷ್ ಅಕ್ಷರಗಳನ್ನು ಮರುಜೋಡಿಸಿದರೆ ಉತ್ತರ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಆದರೆ ಈ ಸುಳಿವನ್ನು ಜನ ನೆನಪಿಟ್ಟುಕೊಂಡದ್ದು ಆ ಲೆಕ್ಕಕ್ಕಾಗಿ ಅಲ್ಲ. ಕೇಂಬ್ರಿಜ್ ಬಳಿಯ ಗ್ರಾಂಚೆಸ್ಟರಿನ ಆ ಮನೆಯಲ್ಲಿ ಒಂದು ಕಾಲಕ್ಕೆ ಕವಿ ರೂಪರ್ಟ್ ಬ್ರೂಕ್ ಬಾಡಿಗೆಗಿದ್ದರು; ಆ ಮನೆಯ ಹೆಸರೇ ಅವರ ಒಂದು ಕವಿತೆಯ ಶೀರ್ಷಿಕೆ. ಮುಂದೆ ಅದೇ ಮನೆ ಕಾದಂಬರಿಕಾರ, ರಾಜಕಾರಣಿ ಜೆಫ್ರಿ ಆರ್ಚರ್ ಅವರದಾಯಿತು. ವೇಶ್ಯೆಯೊಬ್ಬಳ ಜತೆ ತಮ್ಮ ಹೆಸರು ಸೇರಿಸಿ ಬರೆದ 'ಡೈಲಿ ಸ್ಟಾರ್' ಪತ್ರಿಕೆಯ ಮೇಲೆ ಆರ್ಚರ್ 1987ರಲ್ಲಿ ಮಾನನಷ್ಟ ಮೊಕದ್ದಮೆ ಗೆದ್ದು 5 ಲಕ್ಷ ಪೌಂಡ್ ಪರಿಹಾರ ಪಡೆದರು. 1992ರಲ್ಲಿ ಲಾರ್ಡ್ ಆದರು. 2001ರಲ್ಲಿ, ಅದೇ ಮೊಕದ್ದಮೆಯಲ್ಲಿ ಸುಳ್ಳು ಹೇಳಿದ್ದಕ್ಕಾಗಿ ಜೈಲಿಗೆ ಹೋದರು.

ಈಗ 'ಸರ್‌ಪ್ರೈಸಿಂಗ್ಲಿ' ಎಂಬ ಪದವನ್ನು ಮತ್ತೊಮ್ಮೆ ನೋಡಬೇಕು. ಅಕ್ಷರದಾಟದಲ್ಲಿ ಅದು ಬರೀ ಆಜ್ಞೆ, 'ಕಲಸು' ಎಂಬಷ್ಟೇ. ಮೇಲುಮಾತಿನಲ್ಲಿ ಅದು 'ಚೇಸ್ಟ್' ಪದಕ್ಕೆ ಅಂಟಿಕೊಂಡು 'ಆಶ್ಚರ್ಯವೆಂಬಂತೆ ಶೀಲವಂತ' ಎಂದು ಚುಚ್ಚುತ್ತದೆ. ಒಂದು ಮೊಕದ್ದಮೆಯ ಇಡೀ ಸಾರ ಒಂದು ಕ್ರಿಯಾವಿಶೇಷಣದಲ್ಲಿದೆ. 'ಹ್ಯಾಸ್' ಸಹ ಸುಮ್ಮನೆ ಕೂತ ಕೊಂಡಿಯಲ್ಲ: ಉತ್ತರದಲ್ಲಿ ಆ ಅಕ್ಷರಗಳಿವೆ, ಆ ಸ್ಥಳದಲ್ಲಿ ಆ ಮನುಷ್ಯನಿದ್ದಾನೆ. ಎರಡೂ ಏಕಕಾಲಕ್ಕೆ ನಿಜ.

ಎಲ್ಲಕ್ಕಿಂತ ಹೆಚ್ಚಿನದು 'ವೆಜಿಟೇಟಿಂಗ್'. ಆರ್ಚರ್ ಹೆಸರು, ಲಾರ್ಡ್ ಪದವಿ, ಶೀಲ ಇಷ್ಟನ್ನೂ ತೆಗೆದ ಮೇಲೆ ಉಳಿದ ಹತ್ತು ಅಕ್ಷರಗಳಿಂದ ಗ್ರಹಾಂ ಕಂಡುಕೊಂಡ ಪದ ಅದು. ಉಳಿಕೆ ಅಕ್ಷರಗಳಿಂದ ಇಂಥ ಪದ ಸಿಗುವುದು ಅದೃಷ್ಟ. ಅದು ಎಲ್ಲಿ ಕೂರಬೇಕೆಂದು ಕಂಡದ್ದು ಮಾತ್ರ ಪ್ರತಿಭೆ. ಕೆಲಸವಿಲ್ಲದೆ ಗಿಡದ ಹಾಗೆ ಬಿದ್ದುಕೊಂಡಿರುವುದು ಎಂಬುದು ಅದರ ಬಳಕೆಯ ಅರ್ಥ. ಬ್ರೂಕ್ ಆ ಕವಿತೆ ಬರೆದದ್ದು 1912ರಲ್ಲಿ, ಬರ್ಲಿನ್ನಿನ ಕಾಫಿಮನೆಯಲ್ಲಿ ಕೂತು, ಊರಿನ ಹೂಗಿಡ ಹೊಳೆಗಳಿಗಾಗಿ ಹಂಬಲಿಸುತ್ತ. ಹಸುರಿನ ನಡುವೆ ಸೋಮಾರಿಯಾಗಿರುವ ಆಸೆಯೇ ಆ ಕವಿತೆಯ ಜೀವ. ಪದದ ಬೇರಿನಲ್ಲಿರುವ ಸಸ್ಯ ಕವಿಗೂ ಸಲ್ಲುತ್ತದೆ, ಲಾರ್ಡ್‌ಗೂ ಸಲ್ಲುತ್ತದೆ. ನಕ್ಷತ್ರ ಚಿಹ್ನೆ ಹಾಕಿದ ವಿವರಣೆಯಲ್ಲಿ ಇದು ಬರೀ ಹತ್ತು ಅಕ್ಷರ.

ದೋಷವೇ ಇಲ್ಲವೆಂದಲ್ಲ. 'ಪೊಯೆಟಿಕಲ್ ಸೀನ್' ಸಡಿಲವಾಗಿದೆ. ಕವಿತೆಯ ಶೀರ್ಷಿಕೆಯೋ ಮನೆಯೋ ಎಂಬುದನ್ನು ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದನ್ನು ಒಪ್ಪಿ ಮುಂದೆ ಹೋಗಬಹುದು.

ಹಾಗೆ ಮುಂದೆ ಹೋಗಲು ಬಿಡದವರೇ ಕ್ಸಿಮೆನೀಸ್ ಪಂಥದ ವಿಮರ್ಶಕರು. 'ಅಬ್ಸರ್ವರ್' ಪತ್ರಿಕೆಯಲ್ಲಿ 1939ರಿಂದ 1971ರವರೆಗೆ 'ಕ್ಸಿಮೆನೀಸ್' ಹೆಸರಿನಲ್ಲಿ ಪದಬಂಧ ಕಟ್ಟಿದ ಶಾಲಾ ಮೇಷ್ಟರು ಡೆರಿಕ್ ಮ್ಯಾಕ್ನಟ್, 1966ರ ತಮ್ಮ ಪುಸ್ತಕದಲ್ಲಿ ಸುಳಿವಿನ ನ್ಯಾಯವನ್ನು ನಿಗದಿಪಡಿಸಿದರು: ಖಚಿತ ಅರ್ಥ, ಪ್ರಾಮಾಣಿಕ ಅಕ್ಷರದಾಟ, ಅದರಾಚೆ ಏನೂ ಬೇಡ. 'ಗೇಟ್ಸ್‌ಹೆಡ್' ಎಂಬ ಊರಿನ ಹೆಸರನ್ನು ಒಡೆದು, 'ಗೇಟಿನ ತಲೆ' ಎಂದು ಓದಿಸಿ, 'ಜಿ' ಅಕ್ಷರ ಕೊಡುವಂಥ ಸ್ವೇಚ್ಛೆಯನ್ನು ಈ ಪಂಥ ಒಪ್ಪದು. ಅರೌಕೇರಿಯಾ ನಿಯಮ ಮುರಿಯುವವರು, ಆದ್ದರಿಂದ ಎರಡನೆಯ ದರ್ಜೆ ಎಂಬ ಆಕ್ಷೇಪ ಹುಟ್ಟಿದ್ದು ಇಲ್ಲಿಂದ. ನಿಯಮ ಮುರಿದದ್ದರಿಂದಲೇ ದೊಡ್ಡವರು ಎನ್ನುತ್ತಾರೆ ಅವರ ಅಭಿಮಾನಿಗಳು. ಇಬ್ಬರೂ ಆರ್ಚರ್ ಸುಳಿವನ್ನು ಓದಿಲ್ಲ. ಆ ಒಂದು ಸಡಿಲ ಅರ್ಥವನ್ನು ಬಿಟ್ಟರೆ ಅದರಲ್ಲಿ ಮ್ಯಾಕ್ನಟ್ ಕೇಳುವ ಪ್ರತಿಯೊಂದೂ ಇದೆ, ಒಂದು ಪದವೂ ದಂಡವಾಗಿಲ್ಲ. ಗ್ರಹಾಂ ಅವರ ಹಿರಿಮೆಯನ್ನು ನಿಯಮದ ಪರ ವಿರೋಧದಲ್ಲಿ ಹುಡುಕುವುದೇ ತಪ್ಪು.

ಅನುಯಾಯಿಗಳು ಮ್ಯಾಕ್ನಟ್ ಅವರಿಂದ ಕಲಿಯಬೇಕಾದದ್ದು ಬೇರೆಯೇ ಇತ್ತು. ಅವರೂ, 1972ರಲ್ಲಿ ಅವರ ಜಾಗಕ್ಕೆ ಬಂದ 'ಅಜೆಡ್' ಅಂಕಿತದ ಜೊನಾಥನ್ ಕ್ರೌದರ್ ಅವರೂ ಓದುಗರಿಗೆ ಸುಳಿವು ಬರೆಯುವ ಸ್ಪರ್ಧೆ ನಡೆಸುತ್ತಿದ್ದರು. ಪ್ರತಿ ಸ್ಪರ್ಧೆಯ ನಂತರ 'ಸ್ಲಿಪ್' ಎಂಬ ಟಿಪ್ಪಣಿ ಹೊರಡುತ್ತಿತ್ತು. ಬಹುಮಾನಿತ ಸುಳಿವುಗಳ ಜೊತೆಗೆ ತೀರ್ಪುಗಾರರ ಮಾತೂ ಅದರಲ್ಲಿರುತ್ತಿತ್ತು. ಸುಳಿವನ್ನು ವಾಕ್ಯವಾಗಿ ತೂಗಿ ನೋಡುವ ಕೆಲಸ ನಡೆದದ್ದು ಅಲ್ಲಿ. ಶಿಷ್ಯರು ನಿಯಮಾವಳಿಯನ್ನು ಉಳಿಸಿಕೊಂಡು ಆ ಓದನ್ನು ಕಳೆದುಕೊಂಡರು.

ಕನ್ನಡದ ಓದುಗರಿಗೆ ಈ ನಷ್ಟ ಪರಿಚಿತ. ಅಲ್ಲಮನ ಬೆಡಗಿನ ವಚನಗಳಿಗೆ ಟೀಕು ಬರೆದವರು ಒಂದೊಂದು ಪ್ರತಿಮೆಗೂ ಒಂದೊಂದು ತಾತ್ವಿಕ ಪರಿಭಾಷೆಯನ್ನು ಸರಿಹೊಂದಿಸಿದರು. ಕನಕದಾಸರ ಮುಂಡಿಗೆಗಳಿಗೂ ಅದೇ ಉಪಚಾರ ಸಿಕ್ಕಿದೆ. ಸಮೀಕರಣ ತಪ್ಪಿಲ್ಲದಿರಬಹುದು. ಆದರೆ ಮಾತು ಯಾಕೆ ಹಾಗೆ ಬೆಚ್ಚಿಬೀಳಿಸಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

2013ರ ಜನವರಿಯ 'ಗಾರ್ಡಿಯನ್'ನಲ್ಲಿ ಅರೌಕೇರಿಯಾ ಅವರ ಒಂದು ಪದಬಂಧ ಬಂತು. ಮೇಲುಗಡೆ ಸೂಚನೆಯೊಂದಿತ್ತು: ಅರೌಕೇರಿಯಾ ಅವರಿಗೆ 19ರ 18 ಇದೆ, ಅದಕ್ಕೆ 13, 15 ನಡೆಯುತ್ತಿದೆ. ಬಿಡಿಸಿದವರಿಗೆ 18ರಲ್ಲಿ ಸಿಕ್ಕದ್ದು 'ಕ್ಯಾನ್ಸರ್', 19ರಲ್ಲಿ 'ಅನ್ನನಾಳ', 13, 15ರಲ್ಲಿ 'ಉಪಶಮನ ಆರೈಕೆ', ಆಯಾ ಇಂಗ್ಲಿಷ್ ಪದಗಳಲ್ಲಿ. ಅದನ್ನು ವಿವರಿಸಬೇಕಾದವರು ಹೇಳಬೇಕಾದದ್ದು ಯಾವ ಅಕ್ಷರ ಎಲ್ಲಿಂದ ಬಂತು ಎಂಬುದಷ್ಟೇ ಆಗಿರಲಿಲ್ಲ. ದಶಕಗಳಿಂದ ಅವರನ್ನು ಓದಿದ ಮನುಷ್ಯ ಪೆನ್ಸಿಲ್ ಹಿಡಿದು, ಒಂದೊಂದೇ ಚೌಕ ತುಂಬುತ್ತ, ತನ್ನ ಕೈಯಿಂದಲೇ ಆ ಸುದ್ದಿ ಬರೆದುಕೊಂಡ ಎಂಬುದನ್ನೂ ಹೇಳಬೇಕಿತ್ತು. ಆಗ ಗ್ರಹಾಂ ಅವರಿಗೆ 91 ವರ್ಷ. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು.