ತಗಡಿನ ಪೀಪಿ ಮತ್ತು ಕುಣಿಯುವ ಕಾಲು

ಅದನ್ನು ಕೊಳಲು ಅಂತ ಕರೆಯುವುದು ಬೇಡ. ಕೊಳಲು ಅಂದಕೂಡಲೆ ನಮ್ಮಲ್ಲಿ ನವಿಲುಗರಿ ಬರುತ್ತದೆ, ಗೋಪಿಕೆಯರು ಬರುತ್ತಾರೆ, ಅವರ ಹಿಂದೆಯೇ ಶ್ರುತಿಪೆಟ್ಟಿಗೆ ಹೊರಿಸಿಕೊಂಡು ಸಂಗೀತಸಭೆಯ ಕಾರ್ಯದರ್ಶಿ ಬರುತ್ತಾನೆ. ನಾವಿಲ್ಲಿ ಮಾತಾಡಹೊರಟಿರುವುದು ಐರ್ಲೆಂಡಿನ ತಗಡಿನ ಪೀಪಿಯ ಬಗ್ಗೆ. ಒಂದಡಿ ಉದ್ದದ ಕೊಳವೆ, ಆರು ತೂತು, ಊದಲಿಕ್ಕೊಂದು ಬಾಯಿ, ಅಷ್ಟೇ. ಇಂಗ್ಲಿಷಿನಲ್ಲಿ ಅದಕ್ಕೆ ಪೆನ್ನಿ ವಿಸಲ್ ಅಂತಾರೆ, ಅಂದರೆ ಕಾಸಿನ ಪೀಪಿ. ಹೆಸರಿನಲ್ಲೇ ಅದರ ಬೆಲೆ ಕೂಗಿ ಹೇಳುತ್ತಾರೆ. ಪಿಟೀಲನ್ನೋ ವೀಣೆಯನ್ನೋ ಯಾರಾದರೂ ಹೀಗೆ ಬೆಲೆ ಕಟ್ಟಿ ಕರೆದದ್ದುಂಟೆ?

ಈ ಪೀಪಿಯಲ್ಲಿ ನುಡಿಸುವುದು ಮುಖ್ಯವಾಗಿ ಕುಣಿತದ ಮಟ್ಟುಗಳನ್ನು. ರೀಲು, ಜಿಗ್ಗು, ಹಾರ್ನ್‌ಪೈಪು, ಪೋಲ್ಕಾ. ಇವು ಕೇಳಲಿಕ್ಕೆಂದು ಹುಟ್ಟಿದವಲ್ಲ, ಕಾಲು ಹಾಕಲಿಕ್ಕೆಂದು ಹುಟ್ಟಿದವು. ಆದರೂ ಇವುಗಳ ಬಗ್ಗೆ ಬರೆಯುವ ಬಹಳ ಜನ ವಿಮರ್ಶಕರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕಾಲನ್ನು ಮರೆತು ಬರೆಯುತ್ತಾರೆ. ಇಂಥವರು ಪೀಪಿಯನ್ನು ಕಛೇರಿ ವಾದ್ಯದ ಮಟ್ಟಕ್ಕೆ ಮೇಲೆತ್ತಿದರು ಅನ್ನುವ ಧಾಟಿಯ ಹೊಗಳಿಕೆ ಅಲ್ಲಿ ಮಾಮೂಲು. ಮೇಲೆತ್ತುವುದು ಅಂದರೇನು ಸ್ವಾಮಿ? ಕೆಳಗಿದೆ ಅಂತ ಮೊದಲೇ ತೀರ್ಮಾನ ಮಾಡಿದವನು ಮಾತ್ರ ಎತ್ತುವ ಮಾತಾಡುತ್ತಾನೆ. ತಮಟೆಯ ಸದ್ದಿನಲ್ಲಿ ಬೆಳೆದ ಕಿವಿಗೆ ಈ ಮಾತಿನ ಹಿಂದಿರುವುದು ಬೇಗ ಕೇಳಿಸುತ್ತದೆ. ಇದನ್ನು ಬರೆಯಲು ನಮಗಿರುವ ಅರ್ಹತೆಯೂ ಇಷ್ಟೇ.

ಪೀಪಿಯನ್ನು ಈಗಿನ ರೂಪಕ್ಕೆ ತಂದವನು ಸಂಗೀತದ ಮನೆತನದವನಲ್ಲ. ರಾಬರ್ಟ್ ಕ್ಲಾರ್ಕ್ ಎಂಬ ಹೊಲದ ಕೂಲಿ, ಇಂಗ್ಲೆಂಡಿನ ಸಫೋಕ್ ಸೀಮೆಯ ಕೋನಿ ವೆಸ್ಟನ್ ಎಂಬ ಹಳ್ಳಿಯವನು. ಮೂಳೆಯ ಪೀಪಿ, ಮರದ ಪೀಪಿ ಅದಕ್ಕೂ ಶತಮಾನಗಳ ಮೊದಲಿನಿಂದ ಇದ್ದವು. ಕ್ಲಾರ್ಕ್ 1843ರಲ್ಲಿ ತವರ ಲೇಪಿಸಿದ ತಗಡನ್ನು ಸುರುಳಿ ಸುತ್ತಿ, ಬಾಯಿಗೆ ಮರದ ಬಿರಡೆ ಕೂರಿಸಿ ಮಾರತೊಡಗಿದ. ಸಾಮಾನನ್ನೆಲ್ಲ ಕೈಗಾಡಿಗೆ ಹೇರಿ, ದಾರಿಯ ಊರುಗಳಲ್ಲಿ ಪೀಪಿ ಮಾರುತ್ತಾ ಮ್ಯಾಂಚೆಸ್ಟರಿಗೆ ನಡೆದುಹೋದ ಅಂತ ಅವನ ಕಥೆ ಹೇಳುತ್ತಾರೆ. ಎರಡೇ ವರ್ಷಕ್ಕೆ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆ ಕ್ಷಾಮ ಶುರುವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಉಳಿದ ಬಡವರ ಮನೆಗೆ ಮುಂದೆ ಪಿಟೀಲು ಬರುವುದು ಕಷ್ಟವಿತ್ತು, ಪೀಪಿ ಬಂತು. (ಇದೇ ಪೀಪಿ 1950ರ ದಶಕದಲ್ಲಿ ಜೊಹಾನ್ಸ್‌ಬರ್ಗಿನ ಕರಿಯ ಹುಡುಗರ ಕೈಗೆ ಸಿಕ್ಕಿ ‘ಕ್ವೇಲಾ’ ಅನ್ನುವ ಬೀದಿ ಕುಣಿತದ ಸಂಗೀತವಾಯಿತು. ಅದರ ಮಾತು ಬೇರೆಯೇ ಲೇಖನಕ್ಕಾಗುವಷ್ಟಿದೆ.)

ಈಗ ಉಸಿರಿನ ವಿಷಯಕ್ಕೆ ಬರೋಣ. ಪೀಪಿಯ ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು ಅನ್ನುವುದು ನಮ್ಮ ವಾದ. ರೀಲಿನಲ್ಲಿ ಒಂದೊಂದು ಆವರ್ತಕ್ಕೆ ಎಂಟು ಸ್ವರ. ಎಂಟು ಆವರ್ತ ಸೇರಿ ಒಂದು ಭಾಗ. ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸಬೇಕು. ಲೆಕ್ಕ ಹಾಕಿ: 32 ಆವರ್ತ, 256 ಸ್ವರಗಳ ಜಾಗ. ಕುಣಿತದ ಓಟದಲ್ಲಿ ಇಷ್ಟೂ ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ, ಮುಗಿದದ್ದೇ ಮತ್ತೆ ಮೊದಲಿನಿಂದ. ಪಿಟೀಲಿನವನ ಬಾಯಿ ಖಾಲಿ ಇರುತ್ತದೆ, ಅವನು ಯಾವಾಗ ಬೇಕಾದರೂ ಉಸಿರಾಡಬಹುದು. ಪೀಪಿಯವನು ಏನು ಮಾಡಬೇಕು? ಮಟ್ಟಿನಲ್ಲಿ ಉಸಿರಿಗೆಂದು ಬಿಟ್ಟ ಜಾಗವೇ ಇಲ್ಲ. ಯಾವುದಾದರೂ ಒಂದು ಸ್ವರವನ್ನು ಬಿಟ್ಟುಕೊಟ್ಟು ಆ ಸಂದಿನಲ್ಲಿ ಗಾಳಿ ಎಳೆದುಕೊಳ್ಳಬೇಕು. ತಾಳ ಬೀಳುವ ಸ್ವರವನ್ನು ಬಿಟ್ಟರೆ ಕುಣಿಯುವವನ ಕಾಲು ಹಳ್ಳಕ್ಕಿಳಿಯುತ್ತದೆ. ಸರಿಯಾದ ಸ್ವರವನ್ನು ಬಿಟ್ಟರೆ ಆ ಖಾಲಿಯೇ ಕಾಲನ್ನು ಮೇಲೆ ಚಿಮ್ಮಿಸುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಬಿಟ್ಟರೆ ಬೇಸರ, ಜಾಗ ಬದಲಿಸುತ್ತಾ ಹೋದರೆ ಅದೇ ಮಟ್ಟು ಬೇರೆ ಬೇರೆ ಮುಖ ತೋರಿಸುತ್ತದೆ. ಒಬ್ಬ ಪೀಪಿಯವನು ಯಾರು, ಯಾವ ಸೀಮೆಯವನು ಅನ್ನೋದು ಅವನು ನುಡಿಸಿದ ಸ್ವರದಲ್ಲಿ ಎಷ್ಟಿದೆಯೋ ಬಿಟ್ಟ ಸ್ವರದಲ್ಲೂ ಅಷ್ಟೇ ಇದೆ.

ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಪುಸ್ತಕ ಅಂದರೆ ಫ್ರಾನ್ಸಿಸ್ ಓನೀಲನದು. ಕಾರ್ಕ್ ಸೀಮೆಯಲ್ಲಿ 1848ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, 1901ರಿಂದ 1905ರವರೆಗೆ ಶಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದವನು. 1903ರಲ್ಲಿ 1,850 ಮಟ್ಟುಗಳ ಸಂಗ್ರಹ ತಂದ, 1907ರಲ್ಲಿ ಕುಣಿತದ 1,001 ಮಟ್ಟುಗಳ ಇನ್ನೊಂದನ್ನು ತಂದ. ವಲಸೆ ಬಂದ ಕೂಲಿಗಳು, ಪೊಲೀಸ್ ಪೇದೆಗಳು ಬಾಯಲ್ಲಿಟ್ಟುಕೊಂಡಿದ್ದ ಮಟ್ಟುಗಳು ಅವು. ಓನೀಲ್ ತಾನೇ ಒಳ್ಳೆಯ ಊದುಗಾರ, ಆದರೆ ಸ್ವರ ಬರೆಯಲು ಬಾರದು. ಅವನು ನುಡಿಸಿ ತೋರಿಸುವುದು, ಜೇಮ್ಸ್ ಓನೀಲ್ ಎಂಬ ಇನ್ನೊಬ್ಬ ಪೊಲೀಸು ಬರೆದುಕೊಳ್ಳುವುದು. ಈ ಶ್ರಮವನ್ನು ನಾವು ಹಗುರವಾಗಿ ಕಾಣುವುದಿಲ್ಲ, ಅದಿಲ್ಲದಿದ್ದರೆ ನೂರಾರು ಮಟ್ಟು ಮಣ್ಣುಪಾಲಾಗುತ್ತಿದ್ದವು. ತೊಂದರೆಯಾದದ್ದು ಆಮೇಲೆ. ಬರೆದದ್ದೇ ಸರಿ, ಊದುವವನದ್ದು ತಪ್ಪು ಅನ್ನುವ ಪಂಡಿತರು ಹುಟ್ಟಿಕೊಂಡರು. ಬರಹದಲ್ಲಿ ಎಂಟು ಸ್ವರವಿದೆ, ನೀನು ಏಳೇ ಊದಿದೆ ಅಂತ ತಪ್ಪು ಹಿಡಿಯುವ ಪಂಡಿತನಿಗೆ, ಎಂಟನೆಯದರಲ್ಲಿ ಊದುವವನು ಬದುಕಿಕೊಂಡ ಅನ್ನುವುದು ತಿಳಿಯುವುದಿಲ್ಲ. ಮೊದಲ ತಲೆಮಾರಿನಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ಬರಹದ ಮೇಲೆ ಆಸೆಯೂ ಹೆಚ್ಚು, ಗುಮಾನಿಯೂ ಹೆಚ್ಚು.

ಇನ್ನು ಕಾಲನ್ನು ಮನೆಯಿಂದ ಹೊರಹಾಕಿದ ಕತೆ. ಕ್ಲೇರ್ ಸೀಮೆಯಲ್ಲಿ ಒಲೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕುಣಿಯುತ್ತಿದ್ದರು. ಕಾಲಿನ ಸದ್ದು ಗಟ್ಟಿಯಾಗಿ ಮೊಳಗಲೆಂದು ನೆಲದಡಿ ಕುದುರೆಯ ತಲೆಬುರುಡೆ ಹೂಳುವ ರೂಢಿ ಐರ್ಲೆಂಡಿನ ಹಲವೆಡೆ ಇತ್ತು. ನೆಲವೂ ಒಂದು ವಾದ್ಯ, ಕುಣಿಯುವವನೂ ಒಬ್ಬ ವಾದ್ಯಗಾರ ಎಂದಾಯಿತು. ಇದನ್ನು ಮೊದಲು ಮುಟ್ಟಿದವರು ಪರದೇಶದ ದೊರೆಗಳಲ್ಲ, ಸ್ವದೇಶಿ ಸುಧಾರಕರು. 1893ರಲ್ಲಿ ಹುಟ್ಟಿದ ಗೇಲಿಕ್ ಲೀಗಿನ ಮಂದಿ ನಾಡಿನ ಭಾಷೆಗೆ ದುಡಿದರು, ನಿಜ. ಆದರೆ ಹಳ್ಳಿಯವರು ಕುಣಿಯುತ್ತಿದ್ದ ‘ಸೆಟ್’ ಕುಣಿತ ಫ್ರಾನ್ಸಿನ ಕ್ವಾಡ್ರಿಲ್‌ನಿಂದ ಬಂದದ್ದು, ಮೈಲಿಗೆ ಅಂತ ಅದನ್ನು ದೂರವಿಟ್ಟರು. ಹಳ್ಳಿಯವನು ಯಾರದ್ದೋ ಅರಮನೆಯ ಕುಣಿತವನ್ನು ತಂದು, ತನ್ನ ಕಲ್ಲಿನ ಮೇಲೆ ತನ್ನ ಲಯಕ್ಕೆ ಬಗ್ಗಿಸಿಕೊಂಡಿದ್ದ. ಅದು ಶುದ್ಧವಲ್ಲವಂತೆ! ಆಮೇಲೆ ಪಾದ್ರಿಗಳ ಸರದಿ. 1925ರಲ್ಲಿ ಬಿಷಪ್ಪರೆಲ್ಲ ಸೇರಿ ಕುಣಿತದ ಕೆಡುಕಿನ ಬಗ್ಗೆ ಹೇಳಿಕೆ ಹೊರಡಿಸಿ ಚರ್ಚುಗಳಲ್ಲಿ ಓದಿಸಿದರು. 1935ರಲ್ಲಿ ಸರ್ಕಾರ ಸಾರ್ವಜನಿಕ ಕುಣಿತಕ್ಕೆ ಕೋರ್ಟಿನ ಪರವಾನಗಿ ಬೇಕೆಂದು ಕಾಯಿದೆ ಮಾಡಿತು. ಅಡುಗೆಮನೆಯ ಕುಣಿತ ಆ ಕಾಯಿದೆಯೊಳಗೆ ಬರುತ್ತದೋ ಇಲ್ಲವೋ ಅಂತ ವಕೀಲರು ಈಗಲೂ ವಾದಿಸಬಹುದು. ಪಾದ್ರಿಗೂ ಪೊಲೀಸಿನವನಿಗೂ ಆಗ ಅಂಥ ಅನುಮಾನವಿರಲಿಲ್ಲ, ಅದನ್ನೇ ಹಿಡಿದುಕೊಂಡು ಮನೆಗಳ, ಕೂಡುರಸ್ತೆಗಳ ಕುಣಿತ ನಿಲ್ಲಿಸಿದರು. ಪೀಪಿ ಉಳಿಯಿತು, ಅದರ ಎದುರಿನ ಕಾಲು ಹೋಯಿತು.

1951ರ ನಂತರ ಸಂಘ ಕಟ್ಟಿ, ವರ್ಷವರ್ಷ ಸ್ಪರ್ಧೆ ನಡೆಸಿ ಈ ಸಂಗೀತವನ್ನು ಎತ್ತಿ ನಿಲ್ಲಿಸಿದರು. ಆ ಹೊತ್ತಿಗೆ ಪೀಪಿಯವನ ಮುಂದೆ ಕೂತಿದ್ದವರು ತೀರ್ಪುಗಾರರು. ಹೀಗೆ ಬೆಳೆದ ಕಾಲದ ದೊಡ್ಡ ಹೆಸರು ಮೇರಿ ಬರ್ಗಿನ್. ಡಬ್ಲಿನ್ ಸೀಮೆಯವರು, 1949ರಲ್ಲಿ ಹುಟ್ಟಿದವರು. 1979ರ ಅವರ ರೆಕಾರ್ಡಿಗೆ ಪೀಪಿಯದೇ ಐರಿಷ್ ಹೆಸರು, ‘ಫ್ಯಾಡೋಗಾ ಸ್ಟಾನ್’. ಜೊತೆಗೆ ಅಲೆಕ್ ಫಿನ್ ಅವರ ಬುಝೂಕಿ, ಜಾನಿ ಮ್ಯಾಕ್‌ಡೊನಾ ಅವರ ಬೋರಾನ್, ಅಂದರೆ ಅವರ ತಮಟೆ. ನಾವು ಈ ರೆಕಾರ್ಡನ್ನು ಬಹಳ ಸಲ ಕೇಳಿದ್ದೇವೆ. ನಾಲಿಗೆಯೂ ಬೆರಳೂ ಒಂದರ ಬೆನ್ನಟ್ಟಿ ಇನ್ನೊಂದು ಓಡುತ್ತವೆ, ಒಂದು ಸ್ವರವೂ ಮಂಕಾಗುವುದಿಲ್ಲ. ಉಸಿರು ಎಲ್ಲಿ ಎಳೆದರು ಅಂತ ಹುಡುಕಬೇಕು, ಹುಡುಕಿದರೆ ಸಿಗುತ್ತದೆ, ಸಿಕ್ಕ ಕಡೆಯಲ್ಲೆಲ್ಲ ಲಯಕ್ಕೆ ಸರಿಯಾಗಿಯೇ ಇದೆ. ಅವರ ಮೇಲೆ ನಮ್ಮ ತಕರಾರೇನಿಲ್ಲ. ತಕರಾರಿರುವುದು ಈ ರೆಕಾರ್ಡಿನ ಹೆಸರಿನಲ್ಲಿ ಮಾಡಿದ ವಿಮರ್ಶೆಯ ಮೇಲೆ. ಅವರ ವೇಗವನ್ನಷ್ಟೇ ಕಂಡವರು ಅದನ್ನೇ ಅಳತೆಕೋಲು ಮಾಡಿಕೊಂಡರು. ಅವರ ಹಿಂದೆ ಬಂದ ಎಷ್ಟೋ ಜನ ಸಂದು ಕಂಡಲ್ಲೆಲ್ಲ ಸ್ವರ ತುರುಕಿದರು. ಅಂಥ ರೀಲು ಕೇಳುವಾಗ ತಲೆ ಹೌದು ಅನ್ನುತ್ತದೆ, ಕಾಲು ಕದಲುವುದಿಲ್ಲ.

ಅಳತೆಕೋಲಿನ ಇನ್ನೊಂದು ತುದಿಯಲ್ಲಿ ಮಿಕೋ ರಸೆಲ್ ಇದ್ದಾನೆ. ಕ್ಲೇರ್ ಸೀಮೆಯ ಡೂಲಿನ್ ಎಂಬ ಕಡಲಂಚಿನ ಊರಿನ ಸಣ್ಣ ಹಿಡುವಳಿಯ ರೈತ, 1915ರಲ್ಲಿ ಹುಟ್ಟಿ 1994ರಲ್ಲಿ ಕಾರು ಅಪಘಾತದಲ್ಲಿ ಸತ್ತವನು. ಇವನ ಪೀಪಿ ಮೊದಲ ಸಲ ಕೇಳಿದರೆ ಏನಿದು, ಶಾಲೆಯ ಮಗು ಊದಿದ ಹಾಗಿದೆಯಲ್ಲ ಅನಿಸಬಹುದು. ಅಲಂಕಾರ ಕಡಿಮೆ, ಬಿಟ್ಟ ಸ್ವರ ಜಾಸ್ತಿ, ಅವಸರವೇ ಇಲ್ಲ. ಎರಡನೆ ಸುತ್ತಿಗೆ ಒಂದು ಸ್ವರ ಜಾಗ ಬದಲಿಸಿರುತ್ತದೆ, ಮೂರನೆ ಸುತ್ತಿಗೆ ಮೊದಲು ಬಿಟ್ಟದ್ದು ವಾಪಸು ಬಂದಿರುತ್ತದೆ. ಕೇಳುತ್ತಾ ಕೇಳುತ್ತಾ ಒಂದು ತಿಳಿಯುತ್ತದೆ. ಅವನು ಬಿಟ್ಟ ಜಾಗವೆಲ್ಲ ಖಾಲಿ ಜಾಗವಲ್ಲ, ಅಲ್ಲಿ ಕಲ್ಲಿನ ಮೇಲೆ ಬೀಳಬೇಕಾದ ಕಾಲಿನ ಸದ್ದಿಗೆ ಸ್ಥಳ ಕಾದಿರಿಸಿದ್ದಾನೆ. ಕುಣಿಯುವವರಿಲ್ಲದ ರೆಕಾರ್ಡಿಂಗಿನಲ್ಲೂ ಅವರಿದ್ದಾರೆ ಅಂತಲೇ ಊದಿದ್ದಾನೆ. 1973ರ ಅಖಿಲ ಐರ್ಲೆಂಡ್ ಸ್ಪರ್ಧೆಯಲ್ಲಿ ಪೀಪಿಯ ಮೊದಲ ಬಹುಮಾನ ಇವನಿಗೇ ಬಂತು, ಆಗ ಅವನಿಗೆ ಐವತ್ತೆಂಟರ ಆಸುಪಾಸು. ತೀರ್ಪುಗಾರರ ಬಗ್ಗೆ ಮೇಲೆ ಬಿರುಸಾಗಿ ಬರೆದಿದ್ದೇವೆ. ಆ ವರ್ಷದ ಮಟ್ಟಿಗೆ ಅವರಿಗೆ ಶರಣು.

ಇಷ್ಟರಲ್ಲೇ ನಿಲ್ಲಿಸಿದರೆ ರೈತನಿಗೆ ಜೈ ಅಂದು ಎದ್ದುಹೋಗಬಹುದು. ಆದರೆ ರೈತನಿಗಿಂತ ಕೆಳಗೆ, ಊರಿನ ಆಚೆ ನಿಂತವರಿದ್ದಾರೆ. ಐರ್ಲೆಂಡಿನಲ್ಲಿ ಟ್ರಾವೆಲರ್ಸ್ ಎಂಬ ಅಲೆಮಾರಿ ಜನ. ತಗಡು ಬಡಿದು ಪಾತ್ರೆ ಮಾಡುವುದು, ತೂತಿಗೆ ತೇಪೆ ಹಾಕುವುದು ಇವರ ಕಸುಬುಗಳಲ್ಲಿ ಹೆಸರಾದದ್ದು. ಆ ಕಸುಬಿನಿಂದ ಬಂದ ‘ಟಿಂಕರ್’ ಅನ್ನುವ ಮಾತು ಬೈಗುಳವಾಯಿತು. ಕಸುಬಿನ ಹೆಸರು ಬೈಗುಳವಾಗುವ ರೀತಿಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಜನರಲ್ಲಿ 1908ರಲ್ಲಿ ಹುಟ್ಟಿದವನು ಜಾನಿ ಡೋರನ್. ಕುದುರೆ ಗಾಡಿಯಲ್ಲಿ ಸಂಸಾರ ಕಟ್ಟಿಕೊಂಡು ಜಾತ್ರೆ, ಕುದುರೆ ಪಂದ್ಯಗಳಿಗೆ ಹೋಗಿ ಸಂಚಿವಾದ್ಯ ನುಡಿಸುತ್ತಿದ್ದ. ಚರ್ಮದ ಸಂಚಿ, ಮೊಳಕೈಯಲ್ಲಿ ಅದುಮುವ ತಿದಿ. ಸಂಚಿಯ ಗಾಳಿ ಬಾಯಿಯ ಗಾಳಿಯ ಹಾಗೆ ನಿಲ್ಲುವುದಿಲ್ಲ. ಒಂದೇ ಸ್ವರ ಎರಡು ಸಲ ಬೇಕಾದರೆ ನಾಲಿಗೆ ಸಹಾಯಕ್ಕೆ ಬರುವುದಿಲ್ಲ, ಬೆರಳನ್ನು ಚಕ್ಕನೆ ಎತ್ತಿಯೋ ಬಡಿದೋ ನಡುವೆ ಕತ್ತರಿಸಬೇಕು. ಪೀಪಿಯವರು ಈಗ ಅಲಂಕಾರ ಅಂತ ಕಲಿಯುವುದರಲ್ಲಿ ಬಹುಪಾಲು ಸಂಚಿಯವರ ಈ ಬೆರಳ ಕೆಲಸವೇ.

ಮಿಲ್ಟೌನ್ ಮಾಲ್ಬೆ ಎಂಬ ಊರಿನ ಬಡಗಿ ವಿಲಿ ಕ್ಲಾನ್ಸಿ (1918–1973) ಮೊದಲು ಕಲಿತದ್ದು ಪೀಪಿ. ಡೋರನ್ ನುಡಿಸಿದ್ದನ್ನು ಕಂಡ ಮೇಲೆ ಅವನ ಜಾಡು ಹಿಡಿದು ಸಂಚಿಗೆ ಹೋದ. ಮತ್ತೆ ಪೀಪಿ ಕೈಗೆತ್ತಿಕೊಂಡಾಗ ಸಂಚಿಯ ಬೆರಳೂ ಜೊತೆಗೇ ಬಂತು. ಅವನು ಸತ್ತ 1973ರಿಂದ ಆ ಊರಲ್ಲಿ ಅವನ ಹೆಸರಿನ ಬೇಸಿಗೆ ಶಾಲೆ ನಡೆಯುತ್ತಿದೆ, ಜಗತ್ತಿನ ಮೂಲೆಮೂಲೆಯಿಂದ ಪೀಪಿ ಹಿಡಿದು ಬರುತ್ತಾರೆ. ಡೋರನ್‌ಗೆ ಏನಾಯಿತು? 1947ರಲ್ಲಿ ಜಾನಪದ ಆಯೋಗದವರು ಅವನ ಕೆಲವು ಮಟ್ಟುಗಳನ್ನು ಮುದ್ರಿಸಿಕೊಂಡರು. ಮರುವರ್ಷ ಡಬ್ಲಿನ್‌ನಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದಾಗ ಬಿರುಗಾಳಿಗೆ ಗೋಡೆ ಕುಸಿದು ಗಾಡಿಯ ಮೇಲೆ ಬಿತ್ತು. ಸೊಂಟದ ಕೆಳಗೆ ಸ್ವಾಧೀನ ತಪ್ಪಿ, 1950ರಲ್ಲಿ ಸತ್ತ.

ಅವನ ಜನರ ಮುಂದಿನ ಲೆಕ್ಕವೂ ಇದೆ. 1963ರಲ್ಲಿ ಸರ್ಕಾರಿ ಆಯೋಗವೊಂದು ಅಲೆಮಾರಿತನವೇ ಸಮಸ್ಯೆ, ಇವರನ್ನು ನೆಲೆನಿಂತವರೊಳಗೆ ಕರಗಿಸುವುದೇ ಪರಿಹಾರ ಅಂದಿತು. 2002ರ ಕಾನೂನು ಅನುಮತಿಯಿಲ್ಲದೆ ಗಾಡಿ ನಿಲ್ಲಿಸುವುದನ್ನು ಅಪರಾಧ ಮಾಡಿತು, ಪೊಲೀಸರು ಗಾಡಿಯನ್ನೇ ಜಪ್ತಿ ಮಾಡಬಹುದು. 2015ರಲ್ಲಿ ಡಬ್ಲಿನ್ ಹತ್ತಿರದ ಕ್ಯಾರಿಕ್‌ಮೈನ್ಸ್ ಎಂಬಲ್ಲಿ ಇವರ ಬಿಡಾರಕ್ಕೆ ಬೆಂಕಿ ಬಿದ್ದು ಹತ್ತು ಮಂದಿ ಸತ್ತರು, ಅದರಲ್ಲಿ ಐದು ಮಕ್ಕಳು. ಬದುಕುಳಿದವರಿಗೆ ತಾತ್ಕಾಲಿಕ ಜಾಗ ತೋರಿಸಿದರೆ ಅಕ್ಕಪಕ್ಕದ ಮನೆಯವರು ದಾರಿಗೆ ಅಡ್ಡ ನಿಂತರು. ಇವರದು ಒಂದು ಪ್ರತ್ಯೇಕ ಜನಾಂಗ ಎಂದು ಸರ್ಕಾರ ಒಪ್ಪಿದ್ದು 2017ರ ಮಾರ್ಚ್ 1ರಂದು. ಅದೇ ವರ್ಷದ ಡಿಸೆಂಬರಿನಲ್ಲಿ ಐರಿಷ್ ಸಂಚಿವಾದ್ಯ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು. ಮಟ್ಟು ಬೇಕು, ಮಟ್ಟು ಹೊತ್ತು ತಂದ ಗಾಡಿ ಮಾತ್ರ ನಮ್ಮ ಬೀದಿಯಲ್ಲಿ ಬೇಡ ಅನ್ನೋ ನ್ಯಾಯ ನಮಗೆ ಹೊಸದಲ್ಲ.

ಹಾಗಾಗಿ ಗೆಳೆಯರೆ, ಈ ಸಂಗೀತವನ್ನು ಕೇಳಬೇಕೆನಿಸಿದರೆ ಬರ್ಗಿನ್ ಅವರಿಂದ ಶುರುಮಾಡಬೇಡಿ, ಅವರು ಕೊನೆಗಿರಲಿ. 1947ರಲ್ಲಿ ಮುದ್ರಿಸಿದ ಡೋರನ್ ಈಗ ಕೇಳಲು ಸಿಗುತ್ತಾನೆ, ಮೊದಲು ಅವನ ಬೆರಳು ಕೇಳಿ. ಅದೇ ಬೆರಳನ್ನು ಕ್ಲಾನ್ಸಿಯ ಪೀಪಿಯಲ್ಲಿ ಹುಡುಕಿ. ಆಮೇಲೆ ರಸೆಲ್. ಕುರ್ಚಿ ಬೇಡ, ನಿಂತುಕೊಂಡು ಕೇಳಿ. ಬರಿಗಾಲಾದರೆ ಇನ್ನೂ ಒಳ್ಳೆಯದು.