ಕಾಗದದ ಹಿಂಬದಿಯ ಕವಿತೆ

ಜಾನ್ ಗಿಲೆಸ್ಪಿ ಮಗೀಯ ‘ಹೈ ಫ್ಲೈಟ್’ ಸುನೀತವನ್ನು ನಾವು ಚರಮಗೀತೆಯಂತೆ ಓದುತ್ತೇವೆ. 1986ರ ಚಾಲೆಂಜರ್ ದುರಂತದ ಬಳಿಕ ರೇಗನ್ ಅದರ ನುಡಿಗಳನ್ನು ಬಳಸಿದ ಮೇಲಂತೂ ಈ ಓದು ಗಟ್ಟಿಯಾಯಿತು. ಆದರೆ ಕವಿತೆ ಹುಟ್ಟಿದ ಜಾಗವನ್ನು ನೋಡಬೇಕು. ಕೆನಡಾದಲ್ಲಿ ಹಾರಾಟ ಕಲಿತು, 1941ರ ಬೇಸಿಗೆಯಲ್ಲಿ ಅಟ್ಲಾಂಟಿಕ್ ದಾಟಿ, ವೇಲ್ಸ್‌ನಲ್ಲಿ ಸ್ಪಿಟ್‌ಫೈರ್ ತರಬೇತಿಯಲ್ಲಿದ್ದ 19ರ ಹುಡುಗ, ಅಪ್ಪ-ಅಮ್ಮನಿಗೆ ಬರೆದ ಕಾಗದದ ಹಿಂಬದಿಯಲ್ಲಿ ಇದನ್ನು ಬರೆದು ಕಳಿಸಿದ. ಇದರಲ್ಲಿ ಶತ್ರುವಿಲ್ಲ, ಬಂದೂಕಿಲ್ಲ. ಜಲಾಂತರ್ಗಾಮಿಗಳ ಭಯವಿದ್ದ ಆ ಕಡಲೂ ಇಲ್ಲ. ಇದನ್ನು ಪಲಾಯನ ಎನ್ನುವುದು ಸುಲಭ. ನನಗೆ ಇದು ಹೆತ್ತವರಿಗೆ ಹೇಳಬಹುದಾದಷ್ಟನ್ನೇ ಹೇಳುವ ಮಗನ ಅಕ್ಕರೆಯ ಮೌನವಾಗಿ ಕೇಳಿಸುತ್ತದೆ. ಅದೇ ವರ್ಷ ಡಿಸೆಂಬರ್ 11ರಂದು ಅವನ ವಿಮಾನ ತರಬೇತಿ ವಿಮಾನವೊಂದಕ್ಕೆ ಡಿಕ್ಕಿಯಾಗಿ ಅವನು ಸತ್ತ. ಆ ಸಾವನ್ನು ಕವಿತೆಯೊಳಗೆ ತಂದಿಟ್ಟವರು ನಾವು. ಅವನು ಬರೆದದ್ದು ಕ್ಷೇಮಸಮಾಚಾರ.